ಮುಲ್ಕಿ ಪರೀಕ್ಷೆ ಮತ್ತು ಮೊದಲ ನೌಕರಿ

ಏಳನೆಯ ಇಯತ್ತೆಯ ಮಕ್ಕಳಿಂದ ನಾನು ಪ್ರತಿವರ್ಷ ತಪ್ಪದೆ ಬರೆಯಿಸುತ್ತಿದ್ದ ನಿಬಂಧವೊಂದಿತ್ತು: ‘ದೊಡ್ಡವರಾದ ಮೇಲೆ ನೀವು ಏನಾಗಬಯಸುವಿರಿ?’ ಸವದತ್ತಿ ಮತ್ತು ಬೈಲಹೊಂಗಲ ತಾಲೂಕುಗಳ ಹಳ್ಳಿಗಳಲ್ಲಿ ನಾನು ಮಾಸ್ತರಿಕೆ ಮಾಡಿದಷ್ಟು ಕಾಲವೂ ಈ ಪದ್ಧತಿ ನಡೆಯಿತು. ಹೆಚ್ಚಿನ ಮಕ್ಕಳು ಡಾಕ್ಟರು, ಇಂಜಿನಿಯರು, ಪೊಲೀಸು, ಮಿಲಿಟರಿ ಎಂದು ಬರೆಯುತ್ತಿದ್ದರು. ತಂದೆ ಮಾಡುವ ಕೆಲಸವನ್ನೇ ನಾನೂ ಮಾಡುವೆನೆಂದು ಬರೆದವರು ಬೆರಳೆಣಿಕೆಯಷ್ಟು ಮಾತ್ರ. ಒಂದು ವರ್ಷ ನಿಬಂಧ ಬರೆದು ಮುಗಿಸಿದ ಹುಡುಗನೊಬ್ಬ ಎದ್ದು ನಿಂತು, “ಸರ, ನೀವು ಮಾಸ್ತರ ಆಗಬೇಕಂತ ನೀವ ಆರಿಸ್ಕೊಂಡಿದ್ರೇನ್ರಿ?” ಎಂದು ಕೇಳಿದ. “ಹೌದಪಾ, ನಾನ ಆರಿಸ್ಕೊಂಡೆ” ಎಂದು ಹೇಳಿ ಅವನನ್ನು ಕೂಡ್ರಿಸಿದೆ.

ಆ ಉತ್ತರ ಪೂರ್ತಿ ನಿಜವಾಗಿರಲಿಲ್ಲ. ನಿವೃತ್ತನಾದ ಮೇಲೆ ಅದು ನನ್ನನ್ನು ಆಗಾಗ ಕಾಡುತ್ತ ಬಂದಿದೆ. ಹದಿಹರೆಯದ ಹುಡುಗನೋ ಹುಡುಗಿಯೋ ಮೊದಲ ನೌಕರಿಯನ್ನು ‘ಆರಿಸಿಕೊಳ್ಳುವುದು’ ಎಂಬ ಮಾತೇ ನಮ್ಮ ಸೀಮೆಯಲ್ಲಿ ಎಷ್ಟು ಹಳೆಯದು? ಯಾರಿಗೆ ಆ ಆಯ್ಕೆ ದೊರಕಿತು, ಯಾರಿಗೆ ದೊರಕಲಿಲ್ಲ? ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸುತ್ತಿನ ಇತಿಹಾಸವನ್ನು ಸ್ವಲ್ಪ ಕೆದಕಿ, ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗಲಾದರೂ ಬರೆದಿಡಬೇಕೆಂಬುದು ಈ ಲೇಖನದ ಉದ್ದೇಶ.

ಇದಕ್ಕೆ ನಾನು ಮೊದಲು ತೆರೆಯುವ ಆಕರಗ್ರಂಥವೆಂದರೆ ಶಾಲೆಯ ಹಾಜರಿ ಪುಸ್ತಕ. ನಮ್ಮ ಭಾಗದ ಯಾವುದೇ ಹಳ್ಳಿಯ ಹಾಜರಿಯನ್ನು ಓದಿ ನೋಡಿರಿ: ಬಡಿಗೇರ, ಕಂಬಾರ, ಕುಂಬಾರ, ಪತ್ತಾರ, ಹೂಗಾರ, ಗಾಣಿಗೇರ, ಮಡಿವಾಳರ, ತಳವಾರ, ವಾಲೀಕಾರ, ಕುಲಕರ್ಣಿ, ನಾಡಗೌಡ, ದೇಸಾಯಿ. ಇವು ಅಡ್ಡಹೆಸರುಗಳು. ಆದರೆ ಒಂದು ಕಾಲಕ್ಕೆ ಇವು ನೌಕರಿಯ ಆಜ್ಞಾಪತ್ರಗಳೇ ಆಗಿದ್ದವು. ಕೂಸು ಹುಟ್ಟಿ ಹೆಸರಿಡುವ ಮೊದಲೇ ಅದರ ಉದ್ಯೋಗ ನಿಶ್ಚಯವಾಗಿರುತ್ತಿತ್ತು. ಊರಿನ ಆಯಗಾರರಿಗೆ ಸುಗ್ಗಿಯಲ್ಲಿ ಕಣದಲ್ಲಿಯೇ ಕಾಳಿನ ಆಯ ಅಳೆದು ಕೊಡುತ್ತಿದ್ದರು. ಗೌಡಕಿ, ಕುಲಕರ್ಣಿಕೆ, ವಾಲೀಕಾರಿಕೆಗಳಿಗೆ ವತನದ ಭೂಮಿ ಇರುತ್ತಿತ್ತು. ಕೆಲಸವು ಭೂಮಿಗೆ ಅಂಟಿಕೊಂಡಿತ್ತು, ಭೂಮಿಯು ಮನೆತನಕ್ಕೆ ಅಂಟಿಕೊಂಡಿತ್ತು. ಅಲ್ಲಿ ಹದಿನಾರು ವರ್ಷದ ಹುಡುಗನನ್ನು ‘ನೀನು ಏನಾಗುವೆ?’ ಎಂದು ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಕಿತ್ತೂರಿನ ಇತಿಹಾಸವನ್ನು ನಾವು ಶೌರ್ಯದ ಕಥೆಯಾಗಿ ಓದುತ್ತೇವೆ, ಅದು ಯೋಗ್ಯವೇ. ಆದರೆ ಅದನ್ನು ಉದ್ಯೋಗದ ಕಥೆಯಾಗಿಯೂ ಓದಬಹುದು. ಕಿತ್ತೂರು ಸಂಸ್ಥಾನದ ಕಾವಲಿಗೆ, ಕಾಳಗಕ್ಕೆ ನಿಂತವರಲ್ಲಿ ಶೇತಸನದಿಗಳು ಬಹಳ ಮಂದಿ. ಇವರಿಗೆ ತಿಂಗಳ ಸಂಬಳವಿಲ್ಲ. ಸೇವೆಗೆ ಪ್ರತಿಯಾಗಿ ಸನದಿನ ಮೂಲಕ ಭೂಮಿ. 1824ರ ಅಕ್ಟೋಬರ 23ರಂದು ಕಿತ್ತೂರಿನ ಕೋಟೆಯೆದುರು ಧಾರವಾಡದ ಕಲೆಕ್ಟರ ಥ್ಯಾಕರೆ ಹತನಾದ. ಅದೇ ವರ್ಷದ ಡಿಸೆಂಬರಿನಲ್ಲಿ ಕೋಟೆ ಬ್ರಿಟಿಷರ ವಶವಾಯಿತು. ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರಲ್ಲಿ ಅಲ್ಲಿಯೇ ತೀರಿಕೊಂಡಳು. ಸಂಸ್ಥಾನ ಹೋಯಿತೆಂದರೆ ಬರಿಯ ಗಾದಿ ಹೋಯಿತೆಂದಲ್ಲ, ಸಂಸ್ಥಾನದ ಸೇವೆಯನ್ನು ನಂಬಿದ ಸಾವಿರಾರು ಮನೆಗಳ ಅನ್ನವೂ ಅಲುಗಾಡಿತು. ಊರಿನ ವಾಲೀಕಾರಿಕೆಯ ಮನೆತನದ ಸಂಗೊಳ್ಳಿ ರಾಯಣ್ಣ ಬಂಡೆದ್ದುದಕ್ಕೆ ಸಂಸ್ಥಾನದ ಅಭಿಮಾನದ ಜೊತೆಗೆ ಭೂಮಿ ಕಳೆದುಕೊಂಡ ಸಂಕಟವೂ ಕಾರಣವೆಂದು ಇತಿಹಾಸಕಾರರು ಗುರುತಿಸಿದ್ದಾರೆ. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನ ಕಾಲದ ಹುಡುಗನಿಗೆ ನೌಕರಿಯೆಂದರೆ ಹಿರಿಯರು ಬಿಟ್ಟು ಹೋದ ಹೊಲವಾಗಿತ್ತು. ಆ ಹೊಲ ಹೋದರೆ ಎರಡನೆಯ ದಾರಿ ಇರಲಿಲ್ಲ.

ಎರಡನೆಯ ದಾರಿ ಬಂದದ್ದು ಕಾಗದದ ಮೂಲಕ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುಂಬಯಿ ಇಲಾಖೆಯ ಸರಕಾರಕ್ಕೆ ಓದು ಬರಹ ಬಲ್ಲ ಕಾರಕೂನರು, ಮಾಸ್ತರರು, ಟಪಾಲಿನವರು ಬೇಕಾದರು. ಊರ ಮಾತಿನ ಶಾಲೆಯ ಕೊನೆಯ ಇಯತ್ತೆ ಮುಗಿಸಿದವರಿಗೆ ಒಂದು ಪರೀಕ್ಷೆ ಏರ್ಪಟ್ಟಿತು. ಅದನ್ನೇ ನಮ್ಮ ಜನ ‘ಮುಲ್ಕಿ’ ಎಂದು ಕರೆದರು. ಮುಲ್ಕ ಎಂದರೆ ನಾಡು. ದಂಡಿಗೆ ಸಂಬಂಧಿಸಿದ ಲಷ್ಕರಿ ಕೆಲಸವಲ್ಲದ, ನಾಡಿನ ಆಡಳಿತಕ್ಕೆ ಸಂಬಂಧಿಸಿದ ಕೆಲಸ ಮುಲ್ಕಿ ಕೆಲಸ. ಅಂಥ ಕೆಲಸಕ್ಕೆ ಅರ್ಹತೆ ಕೊಡುವ ಪರೀಕ್ಷೆ ಮುಲ್ಕಿ ಪರೀಕ್ಷೆ. ಹದಿನಾಲ್ಕು-ಹದಿನೈದರ ಹುಡುಗ ಅದನ್ನು ಪಾಸಾದರೆ ಮುಂದೆ ಕನ್ನಡ ಶಾಲೆಯ ಮಾಸ್ತರಾಗಬಹುದು, ಮಾಮಲೇದಾರ ಕಚೇರಿಯಲ್ಲಿ ಉಮೇದುವಾರನಾಗಿ ಕೂತು ಕಾರಕೂನನಾಗಬಹುದು. 1951ರಲ್ಲಿ ಕುಲಕರ್ಣಿ ವತನಗಳು ರದ್ದಾದ ಮೇಲೆ ಸಂಬಳದ ತಲಾಟಿಯೂ ಆಗಬಹುದಾಯಿತು.

ಈ ಪರೀಕ್ಷೆಯ ಮಹತ್ವ ಇಂದಿನವರಿಗೆ ಹೊಳೆಯುವುದು ಕಷ್ಟ. ‘ನಿನ್ನ ತಂದೆ ಯಾರು?’ ಎಂಬ ಪ್ರಶ್ನೆಯ ಜಾಗದಲ್ಲಿ ‘ನಿನ್ನ ಗುಣಗಳೆಷ್ಟು?’ ಎಂಬ ಪ್ರಶ್ನೆಯನ್ನು ಮೊದಲ ಬಾರಿಗೆ ತಂದಿಟ್ಟದ್ದು ಅದು. ಹಳ್ಳಿಯ ಹುಡುಗರು ಮಾಸ್ತರರ ಜೊತೆ ಚಕ್ಕಡಿ ಕಟ್ಟಿಕೊಂಡು ಪರೀಕ್ಷೆಯ ಕೇಂದ್ರದ ಊರಿಗೆ ಹೋಗಿ, ಅಲ್ಲಿಯ ಮಠದಲ್ಲಿಯೋ ಧರ್ಮಶಾಲೆಯಲ್ಲಿಯೋ ಇಳಿದು, ಬುತ್ತಿಯ ರೊಟ್ಟಿ ತಿಂದು ಪರೀಕ್ಷೆಗೆ ಕೂಡ್ರುತ್ತಿದ್ದ ಕಥೆಯನ್ನು ನಮ್ಮ ಹಿರಿಯ ಮಾಸ್ತರರು ಹಬ್ಬದ ವರ್ಣನೆಯಂತೆ ಹೇಳುತ್ತಿದ್ದರು. ಪಾವು, ಅರ್ಧ, ಮುಕ್ಕಾಲು, ಸವಾಯಿ, ದೀಡಿಗಳ ಮಗ್ಗಿ ನಿದ್ದೆಯಲ್ಲಿ ಕೇಳಿದರೂ ತಪ್ಪಬಾರದು. ಅಕ್ಷರ ಮುತ್ತಿನಂತಿರಬೇಕು. ಪಾಸಾದವನ ಹೆಸರಿನ ಮುಂದೆ ಊರವರು ಜೀವನಪರ್ಯಂತ ‘ಮುಲ್ಕಿ ಪಾಸಾದಾವ್’ ಎಂದು ಸೇರಿಸಿ ಹೇಳುತ್ತಿದ್ದರು.

ಈ ಬಾಗಿಲು ಕನ್ನಡದಲ್ಲಿ ತೆರೆಯಿತೆಂಬುದು ಸಣ್ಣ ಸಂಗತಿಯಲ್ಲ. ಪೇಶವೆಯರ ಆಳಿಕೆಯ ಪರಂಪರೆಯಿಂದಾಗಿ ನಮ್ಮ ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಮರಾಠಿ, ಮೋಡಿ ಲಿಪಿಗಳದೇ ಪ್ರಾಬಲ್ಯ. ಮನೆಯಲ್ಲಿ ಆಡದ ಭಾಷೆಯಲ್ಲಿ ಪರೀಕ್ಷೆ ನಡೆದಿದ್ದರೆ ಬೈಲಹೊಂಗಲದ ಒಕ್ಕಲಿಗನ ಮಗನಾಗಲಿ ಸವದತ್ತಿಯ ಹೂಗಾರನ ಮಗನಾಗಲಿ ಮಾಸ್ತರಾಗುವುದು ಕನಸಿನ ಮಾತು. ಡೆಪ್ಯುಟಿ ಚನ್ನಬಸಪ್ಪನವರೂ ಅವರ ಸಂಗಡಿಗರೂ ವಿದ್ಯಾಖಾತೆಯ ಇಂಗ್ಲಿಷ್ ಅಧಿಕಾರಿ ರಸೆಲ್ಲರ ಬೆಂಬಲದಿಂದ ಊರೂರು ತಿರುಗಿ ಕನ್ನಡ ಶಾಲೆಗಳನ್ನು ತೆರೆಯಿಸಿದರು. ಧಾರವಾಡದಲ್ಲಿ ಮಾಸ್ತರರ ತರಬೇತಿಗೆ ತಳಹದಿ ಬಿತ್ತು. 1865ರಲ್ಲಿ ‘ಮಠಪತ್ರಿಕೆ’ ಹುಟ್ಟಿತು. ಅದೇ ಮುಂದೆ ‘ಜೀವನ ಶಿಕ್ಷಣ’ವಾಗಿ ನಮ್ಮಂಥ ಮಾಸ್ತರರ ಕೈಗೆ ಬಂದಿತು. 1881ರಲ್ಲಿ ಚನ್ನಬಸಪ್ಪನವರು ತೀರಿಕೊಂಡಾಗ ಅವರಿಗೆ ಐವತ್ತು ತುಂಬಿರಲಿಲ್ಲ. ಅವರು ತೆರೆಯಿಸಿದ ಶಾಲೆಗಳು ನಮ್ಮ ಹುಡುಗರಿಗೆ ಅಕ್ಷರ ಕಲಿಸಿದವು ಎಂದಷ್ಟೇ ಹೇಳಿದರೆ ಸಾಲದು. ಮೊದಲ ಸಂಬಳವನ್ನೂ ಕೊಡಿಸಿದವು.

ಹಾಗೆಂದು ಮುಲ್ಕಿಯ ಬಾಗಿಲು ಎಲ್ಲರಿಗೂ ಸಮನಾಗಿ ತೆರೆದಿತ್ತೆಂದು ಹೇಳಿದರೆ ಇತಿಹಾಸಕ್ಕೆ ಅಪಚಾರವಾದೀತು. ಏಳು ವರ್ಷ ಮಗನನ್ನು ಕೆಲಸಕ್ಕೆ ಹಚ್ಚದೆ ಶಾಲೆಯಲ್ಲಿ ಕೂಡ್ರಿಸುವ ಶಕ್ತಿ ಎಷ್ಟು ಮನೆಗಳಿಗಿತ್ತು? ಅಸ್ಪೃಶ್ಯರೆನಿಸಿದವರ ಮಕ್ಕಳು ಎಷ್ಟೋ ಊರುಗಳಲ್ಲಿ ಶಾಲೆಯ ಪಡಸಾಲೆಯ ಹೊರಗೆ ಕೂತು ಪಾಠ ಕೇಳಬೇಕಾಗಿತ್ತು. ವತನದ ಕಟ್ಟು ಪೂರ್ತಿ ಸಡಿಲಾಗಲು ಗ್ರಾಮ ಹುದ್ದೆಗಳನ್ನು ರದ್ದುಪಡಿಸಿದ 1961ರ ಕಾನೂನೇ ಬರಬೇಕಾಯಿತು. ಈ ಕೊರತೆಯನ್ನು ಸ್ವಲ್ಪವಾದರೂ ತುಂಬಿದವರು ಮಠಗಳವರು ಮತ್ತು ಶಿಕ್ಷಣ ಸಂಸ್ಥೆಗಳವರು. 1916ರಲ್ಲಿ ಏಳು ಜನ ಶಿಕ್ಷಕರು ಕೂಡಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಸ್ಥಾಪಿಸಿದರು. ಧಾರವಾಡದ ಮುರುಘಾಮಠ, ಬೆಳಗಾವಿಯ ನಾಗನೂರು ರುದ್ರಾಕ್ಷಿಮಠಗಳ ಉಚಿತ ಪ್ರಸಾದ ನಿಲಯಗಳಲ್ಲಿ ಉಂಡು ಓದಿದ ಹಳ್ಳಿಯ ಹುಡುಗರ ಸಂಖ್ಯೆ ದೊಡ್ಡದು.

ಅತ್ತ ಶಾಲೆಯ ಬಾಗಿಲು ತೆರೆಯುತ್ತಿರುವಾಗಲೇ ಇತ್ತ ಗಿರಣಿಯ ಬಾಗಿಲೂ ತೆರೆಯಿತು. 1861ರಿಂದ 1865ರವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲಂಡಿಗೆ ಹೋಗುವುದು ನಿಂತಿತು. ನಮ್ಮ ಕರಿಯ ಎರೆಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಮುಂದೆ ಬೈಲಹೊಂಗಲ ಹೆಸರಾಂತ ಹತ್ತಿಯ ಪೇಟೆಯಾಗಿ ಬೆಳೆಯಿತು. ಜಿನ್ನಿಂಗ ಫ್ಯಾಕ್ಟರಿಗಳು ಬಂದವು. ನಮ್ಮ ಕಾಲಕ್ಕೆ ಜಯಧರ, ಲಕ್ಷ್ಮಿ ತಳಿಗಳ ಅಂಡಿಗೆಗಳು ಚಕ್ಕಡಿಗಳಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದವು. ಗೋಕಾಕ ಫಾಲ್ಸಿನಲ್ಲಿ 1880ರ ದಶಕದಲ್ಲಿ ನೂಲಿನ ಗಿರಣಿ ಆರಂಭವಾಯಿತು. ಓದು ಸಾಗದ ಹುಡುಗನಿಗೆ, ಮಳೆ ಕೈಕೊಟ್ಟ ವರ್ಷ ಒಕ್ಕಲುತನದ ಮನೆಯ ಹುಡುಗಿಗೆ, ಇವೇ ಮೊದಲ ನಗದು ಕೂಲಿಯ ಸ್ಥಳಗಳು. 1881ರ ಫ್ಯಾಕ್ಟರಿ ಕಾನೂನು ಏಳು ವರ್ಷ ತುಂಬಿದ ಕೂಸನ್ನು ಕೆಲಸಕ್ಕೆ ಹಚ್ಚಬಹುದೆಂದು ಹೇಳಿತ್ತು! 1891ರಲ್ಲಿ ಅದು ಒಂಬತ್ತಾಯಿತು, 1922ರಲ್ಲಿ ಹನ್ನೆರಡಾಯಿತು, ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಹದಿನಾಲ್ಕಾಯಿತು. ಏಳರಿಂದ ಹದಿನಾಲ್ಕಕ್ಕೆ ಬರಲು ನಮಗೆ ಅರವತ್ತೇಳು ವರ್ಷ ಹಿಡಿಯಿತು. ಈ ಅಂಕಿಗಳನ್ನು ನಾನು ಮಕ್ಕಳಿಗೆ ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದೆ. ಅವರು ತಮ್ಮ ವಯಸ್ಸನ್ನು ಅವುಗಳ ಜೊತೆ ಹೋಲಿಸಿ ನೋಡಿ ಸುಮ್ಮನಾಗುತ್ತಿದ್ದರು.

ಶಾಲೆ, ಗಿರಣಿ ಎರಡನ್ನೂ ಬಿಟ್ಟು ಮೂರನೆಯ ದಾರಿ ಹಿಡಿದ ಒಬ್ಬ ಪುಣ್ಯಾತ್ಮರನ್ನು ಇಲ್ಲಿ ನೆನೆಯಲೇಬೇಕು. 1914ರಲ್ಲಿ ಸವದತ್ತಿ ತಾಲೂಕಿನ ಏಣಗಿಯಲ್ಲಿ ಹುಟ್ಟಿದ ಬಾಳಪ್ಪನವರು ಹುಡುಗರಾಗಿದ್ದಾಗಲೇ ನಾಟಕದ ಕಂಪನಿ ಸೇರಿದರು. ಹೆಣ್ಣುಮಕ್ಕಳು ರಂಗಕ್ಕೆ ಬರದ ಕಾಲದಲ್ಲಿ ಸ್ತ್ರೀಪಾತ್ರಗಳನ್ನು ಮಾಡಿ ಹೆಸರಾದರು. 1947ರಲ್ಲಿ ‘ಕಲಾವೈಭವ ನಾಟ್ಯ ಸಂಘ’ವೆಂಬ ತಮ್ಮದೇ ಕಂಪನಿ ಕಟ್ಟಿದರು. 2017ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ, ಕಾಲವಾದರು. ಒಕ್ಕಲುತನದ ಮನೆಯ ಹುಡುಗನೊಬ್ಬ ಬಣ್ಣ ಹಚ್ಚಲು ಹೊರಟನೆಂದರೆ ಆಗಿನ ಮನೆಗಳಲ್ಲಿ ಏನು ಮಾತು ಬಂದೀತೆಂಬುದನ್ನು ಓದುಗರು ಊಹಿಸಬಲ್ಲರು. ನಿಜವಾಗಿ ತಾನೇ ಆರಿಸಿಕೊಂಡವನೆಂದು ಯಾರನ್ನಾದರೂ ಕರೆಯುವುದಾದರೆ ನಾನು ಅಂಥವರನ್ನು ಕರೆಯುತ್ತೇನೆ. ನನ್ನನ್ನಲ್ಲ.

ಇನ್ನು ನನ್ನ ಸಂಗತಿ. ನಾನು ಹುಟ್ಟಿದ್ದು 1947ರಲ್ಲಿ, ಆಗ ಭಾವೆ ಮನೆತನದವರ ಸಂಸ್ಥಾನವಾಗಿದ್ದ ರಾಮದುರ್ಗದ ಸೀಮೆಯಲ್ಲಿ. ಮರುವರ್ಷ ಮಾರ್ಚ 8ರಂದು ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ರಾಮದುರ್ಗ, ಸುರೇಬಾನಗಳು ನೇಕಾರಿಕೆಯ ಊರುಗಳು. ನಮ್ಮದೂ ಮಗ್ಗದ ಮನೆ. ಪಡಸಾಲೆಯಲ್ಲಿ ಕುಣಿಮಗ್ಗ, ತಂದೆಯವರು ನಸುಕಿನಲ್ಲಿ ಕುಣಿಯಲ್ಲಿ ಕಾಲಿಳಿಸಿ ಕೂತರೆ ಲಾಳಿಯ ಸಪ್ಪಳ ಸಂಜೆಯತನಕ ನಿಲ್ಲುತ್ತಿರಲಿಲ್ಲ. ಸೀರೆ ನೇಯುವವನು ಒಬ್ಬನೇ ಎಂದು ನೋಡಿದವರಿಗೆ ಅನಿಸುತ್ತದೆ. ಅದು ಹಾಗಲ್ಲ. ನೂಲು ಬಿಚ್ಚಬೇಕು, ಗಂಜಿ ಕುಡಿಸಬೇಕು, ಹಾಸು ಹೂಡಬೇಕು, ಹೊಕ್ಕಿಗೆ ಕಂಡಿಕೆ ಸುತ್ತಬೇಕು. ಒಬ್ಬ ನೇಯುವವನ ಹಿಂದೆ ಮನೆಯ ಹೆಂಗಸರು, ಮಕ್ಕಳು ದುಡಿದರೆ ಮಾತ್ರ ವಾರದ ಸೀರೆ ವಾರಕ್ಕೆ ಇಳಿಯುತ್ತದೆ. ಕಂಡಿಕೆ ಸುತ್ತಲು ಕೂಲಿಯವರನ್ನು ಕರೆದರೆ ಸೀರೆಯ ಮಜೂರಿಯಲ್ಲಿ ಮನೆಗೆ ಉಳಿಯುವುದೇನೂ ಇಲ್ಲ. ಈ ಲೆಕ್ಕ ತಿಳಿಯದೆ ನನ್ನ ಮುಂದಿನ ಕಥೆ ತಿಳಿಯದು.

ನನಗೊಬ್ಬ ಅಕ್ಕ, ನನಗಿಂತ ನಾಲ್ಕು ವರ್ಷ ದೊಡ್ಡವಳು. ಕರ್ನಾಟಕದ ಏಕೀಕರಣವಾದ ಮರುವರ್ಷ, 1957ರಲ್ಲಿ, ಅವಳು ಮುಲ್ಕಿ ಪರೀಕ್ಷೆಗೆ ಕೂತಳು. ನಮ್ಮ ಓಣಿಯಲ್ಲಿ ಆ ಪರೀಕ್ಷೆಗೆ ಕೂತ ಮೊದಲ ಹುಡುಗಿ. ಪಾಸಾದಳು ಮಾತ್ರವಲ್ಲ, ಅವಳ ಜೊತೆ ಕೂತಿದ್ದ ನಮ್ಮ ಊರ ಗಂಡುಹುಡುಗರೆಲ್ಲರಿಗಿಂತ ಹೆಚ್ಚು ಗುಣ ಪಡೆದಳು. ಹೆಡ್ ಮಾಸ್ತರರು ತಾವಾಗಿ ಮನೆಗೆ ಬಂದರು. ಧಾರವಾಡದಲ್ಲಿ ಹೆಣ್ಣುಮಕ್ಕಳ ಟ್ರೇನಿಂಗ್ ಕಾಲೇಜು ಇದೆ, ಮೂರ್ನಾಲ್ಕು ವರ್ಷ ತಡೆದು ಕಳಿಸಿದರೆ ಹುಡುಗಿ ಅಕ್ಕೋರಾಗುತ್ತಾಳೆ ಎಂದು ತಂದೆಯವರಿಗೆ ತಿಳಿಸಿ ಹೇಳಿದರು. ತಂದೆಯವರು ಅವರಿಗೆ ಚಹಾ ಕೊಡಿಸಿ, “ನೋಡೋಣ್ರಿ” ಎಂದರು. ನಮ್ಮ ಕಡೆ ‘ನೋಡೋಣ್ರಿ’ ಎಂಬ ಮಾತಿನ ಅರ್ಥ ಎಲ್ಲರಿಗೂ ಗೊತ್ತು. ಅಕ್ಕ ಕದದ ಹಿಂದೆ ನಿಂತಿದ್ದಳು. ಮರುದಿನದಿಂದ ಅವಳು ರಾಟಿಯ ಮುಂದೆ ಕೂತು ಕಂಡಿಕೆ ಸುತ್ತತೊಡಗಿದಳು. ಐದು ವರ್ಷ ಸುತ್ತಿದಳು. ಆ ಐದು ವರ್ಷ ನಾನು ಶಾಲೆಗೆ ಹೋದೆ.

1962ರಲ್ಲಿ ಅಕ್ಕನ ಲಗ್ನವಾಯಿತು. ರಾಟಿಯ ಮುಂದಿನ ಜಾಗ ಖಾಲಿಯಾಯಿತು. ಆಗ ಐದನೆಯ ಇಯತ್ತೆಯಲ್ಲಿದ್ದ ನನ್ನ ತಮ್ಮನನ್ನು ಶಾಲೆ ಬಿಡಿಸಿ ಅಲ್ಲಿ ಕೂಡ್ರಿಸಿದರು. ‘ದೊಡ್ಡಾವ್ ಇನ್ನ ಮೂರ ವರ್ಷದಾಗ ಮ್ಯಾಟ್ರಿಕ ಮುಗಿಸ್ತಾನ, ಅವನ್ನ ಯಾಕ ನಡುವ ಬಿಡಸೂದು’ ಎಂಬುದು ಮನೆಯ ತೀರ್ಮಾನ. ಅದರಲ್ಲಿ ಕ್ರೌರ್ಯವೇನೂ ಇರಲಿಲ್ಲ, ಲೆಕ್ಕವಿತ್ತು. ಹದಿನೈದು ವರ್ಷದ ನಾನು ಆ ಲೆಕ್ಕವನ್ನು ಕೇಳಿಸಿಕೊಂಡು ಸುಮ್ಮನೆ ಪುಸ್ತಕ ತೆರೆದೆ.

1965ರಲ್ಲಿ ನಾನು ಎಸ್.ಎಸ್.ಎಲ್.ಸಿ. ಪಾಸಾದೆ. ಹದಿನೆಂಟು ತುಂಬಿರಲಿಲ್ಲ. ಅಷ್ಟರಲ್ಲಿ ಮುಲ್ಕಿಯ ಗತ್ತು ಇಳಿದು, ಮಾಸ್ತರಿಕೆಗೂ ಎಸ್.ಎಸ್.ಎಲ್.ಸಿ. ಮತ್ತು ಟಿ.ಸಿ.ಎಚ್. ಎಂಬ ಹೊಸ ಮಾತು ಬಂದಿತ್ತು. ನನ್ನ ಮುಂದೆ ನಾಲ್ಕು ದಾರಿಗಳಿದ್ದವು. ಮೊದಲನೆಯದು ಮನೆಯ ಮಗ್ಗ. ಎರಡನೆಯದು ಬೈಲಹೊಂಗಲದ ಹತ್ತಿಯ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಪರಿಚಯದವರೊಬ್ಬರು ಮಾತಾಡಿ ಇಟ್ಟಿದ್ದರು, ಮರುದಿನದಿಂದಲೇ ಸಂಬಳ. ಮೂರನೆಯದು ನವಿಲುತೀರ್ಥ. ಸವದತ್ತಿಯ ಸಮೀಪ, ಮಲಪ್ರಭೆ ಗುಡ್ಡವನ್ನು ಸೀಳಿಕೊಂಡು ಹರಿಯುವ ಆ ಕಣಿವೆಯಲ್ಲಿ ಆಗ ಅಣೆಕಟ್ಟಿನ ಕೆಲಸ ನಡೆದಿತ್ತು. ಓದು ಬಲ್ಲ ಹುಡುಗರಿಗೆ ಮಸ್ಟರ ಬರೆಯುವ ಕೆಲಸ ಸಿಗುತ್ತಿತ್ತು. ನಾಲ್ಕನೆಯದು ಬೆಳಗಾವಿಗೆ ಹೋಗಿ ಮರಾಠಾ ಲೈಟ್ ಇನ್‌ಫಂಟ್ರಿಯ ಭರತಿಯಲ್ಲಿ ನಿಲ್ಲುವುದು. ನನ್ನ ವರ್ಗದ ಗೆಳೆಯರಲ್ಲಿ ಇಬ್ಬರು ಹಾಗೆ ಹೋದರು. 1965 ಯುದ್ಧದ ವರ್ಷ. ಅವರ ತಾಯಂದಿರು ಎಲ್ಲಮ್ಮನಿಗೆ ಹರಕೆ ಹೊತ್ತರು.

ಇವುಗಳಲ್ಲಿ ಯಾವುದೂ ನನಗೆ ಬೇಡವಾಗಿತ್ತು. ನಾನು ಮಾಸ್ತರನಾಗಬೇಕೆಂದೆ. ಯಾಕೆಂದು ಕೇಳಿದರೆ ಆಗ ಏನು ಹೇಳುತ್ತಿದ್ದೆನೋ ತಿಳಿಯದು. ಅಕ್ಕನಿಗಾಗಿ ಮನೆಗೆ ಬಂದಿದ್ದ ಆ ಹೆಡ್ ಮಾಸ್ತರರ ಬಿಳಿಯ ಧೋತರ, ಕರಿಯ ಟೊಪ್ಪಿಗೆ, ಅವರು ಓಣಿಯಲ್ಲಿ ಬಂದರೆ ಹಿರಿಯರೂ ಕಟ್ಟೆಯಿಂದ ಇಳಿದು ನಮಸ್ಕರಿಸುತ್ತಿದ್ದ ಬಗೆ, ಇವೇ ಕಾರಣವಾಗಿದ್ದಿರಬೇಕು. ಹದಿಹರೆಯದವರು ಉದ್ಯೋಗವನ್ನು ಆರಿಸುವುದು ಹೆಚ್ಚಾಗಿ ಹೀಗೆಯೇ. ಅವರ ಕಣ್ಣಿಗೆ ಕಾಣುವುದು ಮನುಷ್ಯ, ಕೆಲಸವಲ್ಲ. ತಂದೆಯವರು ಒಂದು ವಾರ ಮಾತಾಡಲಿಲ್ಲ. ಆಮೇಲೆ ಒಂದು ರಾತ್ರಿ ತಮ್ಮನನ್ನು ಕರೆದು, “ಇನ್ನೂ ಸ್ವಲ್ಪ ದಿನ ನೀನ ಎಳೀಬೇಕಪಾ” ಎಂದರು. ಹದಿಮೂರು ವರ್ಷದ ಅವನು “ಹೂಂ” ಎಂದ. ನನ್ನ ಮೊದಲ ನೌಕರಿಯ ನಿರ್ಣಯವಾದದ್ದು ಆ ‘ಹೂಂ’ ಎಂಬ ಒಂದು ಮಾತಿನಲ್ಲಿ. ಧಾರವಾಡದಲ್ಲಿ ನನಗೆ ಪ್ರಸಾದ ನಿಲಯದ ಊಟ ಸಿಕ್ಕಿತು. ಟ್ರೇನಿಂಗ್ ಮುಗಿಸಿ ಬಂದು ಸವದತ್ತಿ ತಾಲೂಕಿನ ಒಂದು ಹಳ್ಳಿಯ ಕನ್ನಡ ಶಾಲೆಗೆ ರುಜುವಾದೆ.

ಆ ಹಳ್ಳಿಯಲ್ಲಿ ನಡೆದ ಒಂದು ಘಟನೆಯನ್ನು ನಾನು ಎಲ್ಲಿಯೂ ಬರೆದಿಲ್ಲ. ಆರನೆಯ ಇಯತ್ತೆಯಲ್ಲಿ ಲೆಕ್ಕದಲ್ಲಿ ಬಹಳ ಚುರುಕಾದ ಒಬ್ಬ ಹುಡುಗಿಯಿದ್ದಳು. ಭಾರತ ಹುಣ್ಣಿಮೆಯ ಜಾತ್ರೆಗೆಂದು ಮನೆಯವರ ಸಂಗಡ ಹೋದವಳು ಎರಡು ವಾರದ ಮೇಲೆ ಬಂದಳು. ಕೊರಳಲ್ಲಿ ಕೆಂಪು-ಬಿಳಿ ಮಣಿಗಳ ಸರವಿತ್ತು. ನಾಲ್ಕು ದಿನ ಹಿಂದಿನ ಸಾಲಿನಲ್ಲಿ ಕೂತು, ಐದನೆಯ ದಿನದಿಂದ ಬರಲಿಲ್ಲ. ದೇವರಿಗೆ ಬಿಟ್ಟರೆಂದು ಊರವರು ಹೇಳಿದರು. ದೇವದಾಸಿ ಪದ್ಧತಿಯನ್ನು ತಡೆಯುವ ಕಾನೂನು ಮುಂಬಯಿ ಪ್ರಾಂತದಲ್ಲಿ 1934ರಲ್ಲಿಯೇ ಬಂದಿತ್ತು; ಕರ್ನಾಟಕದ ಕಾನೂನು ಬಂದದ್ದು 1982ರಲ್ಲಿ. ಕಾನೂನಿನ ಪುಸ್ತಕ ಕಚೇರಿಯಲ್ಲಿತ್ತು, ಹುಡುಗಿ ಹಳ್ಳಿಯಲ್ಲಿದ್ದಳು. ನಾನು ಅವಳ ಮನೆಗೆ ಹೋಗಬೇಕಾಗಿತ್ತು. ಹೊಸಬ, ಊರವರ ಎದುರು ಹಾಕಿಕೊಳ್ಳಲಾರೆನೆಂದು ಹೋಗಲಿಲ್ಲ. ನಿಯಮದಂತೆ ‘ದೀರ್ಘ ಗೈರುಹಾಜರಿ’ ಎಂದು ಬರೆದು ಹೆಸರು ತೆಗೆದುಹಾಕಿದೆ. ನನ್ನ ಕೈಬರಹದಲ್ಲಿಯೇ ಆ ಎರಡು ಶಬ್ದಗಳಿವೆ. ನಿಬಂಧ ಬರೆಯಿಸುವ ಪದ್ಧತಿಯನ್ನು ನಾನು ಆರಂಭಿಸಿದ್ದು ಅದರ ಮರುವರ್ಷದಿಂದ. ಯಾರೂ ಕೇಳದ ಮಕ್ಕಳನ್ನು ಒಮ್ಮೆಯಾದರೂ ಕೇಳಿದಂತಾಗಲಿ ಎಂದು.

ಅದೇ ದಶಕದ ಆರಂಭದಲ್ಲಿ ಬರ ಬಿತ್ತು. 1972-73ರಲ್ಲಿ ಬರಗಾಲದ ಕಾಮಗಾರಿಗಳ ಮೇಲೆ ಖಡಿ ಒಡೆಯುತ್ತಿದ್ದವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದರು, ಏಳನೆಯ ಇಯತ್ತೆ ಪಾಸಾದವರೂ ಇದ್ದರು. ನೂಲಿನ ಬೆಲೆ ಏರಿ ನಮ್ಮ ಮನೆಯ ಮಗ್ಗವೂ ನಿಂತಿತು. ತಮ್ಮ ವಿದ್ಯುತ್ ಮಗ್ಗದ ಕೂಲಿಗೆ ಹೋದ. ನನ್ನ ಸಂಬಳದಿಂದ ತಿಂಗಳಿಗಿಷ್ಟೆಂದು ಮನೆಗೆ ಕಳಿಸುತ್ತಿದ್ದೆ. ಅದನ್ನು ಕಳಿಸುವಾಗ ನಾನೊಬ್ಬ ಉದಾರಿಯೆಂಬ ಭಾವನೆಯೂ ನನಗಿತ್ತೆಂದು ಒಪ್ಪಿಕೊಳ್ಳಬೇಕು. ಸಾಲ ತೀರಿಸುವವನನ್ನು ಉದಾರಿಯೆಂದು ಯಾರೂ ಕರೆಯುವುದಿಲ್ಲ.

ಈಗ ಕಾಲ ಬಹಳ ಬದಲಾಗಿದೆ. ಬ್ರಿಟಿಷರ ಕಾಲದಲ್ಲಿ ಸಂಪಗಾಂವ ತಾಲೂಕಿನಲ್ಲಿದ್ದ ಬೈಲಹೊಂಗಲವೇ ತಾಲೂಕಿನ ಸ್ಥಳವಾಯಿತು, ಅದರಲ್ಲಿದ್ದ ಕಿತ್ತೂರು ಮುಂದೆ ತಾನೂ ತಾಲೂಕಾಯಿತು. ಕಿತ್ತೂರಿನಲ್ಲಿ 1969ರಿಂದ ರಾಣಿ ಚೆನ್ನಮ್ಮನ ಹೆಸರಿನ ಬಾಲಕಿಯರ ಸೈನಿಕ ಶಾಲೆ ನಡೆದಿದೆ. 2010ರಲ್ಲಿ ಜಾರಿಗೆ ಬಂದ ಕಾನೂನು ಹದಿನಾಲ್ಕರವರೆಗೆ ಶಿಕ್ಷಣವನ್ನು ಹಕ್ಕಾಗಿಸಿತು. 2016ರ ತಿದ್ದುಪಡಿಯು ಹದಿನಾಲ್ಕರ ಒಳಗಿನವರನ್ನು ದುಡಿಮೆಗೆ ಹಚ್ಚುವುದನ್ನು ನಿಷೇಧಿಸಿತು, ಹದಿನೆಂಟರ ಒಳಗಿನವರನ್ನು ಅಪಾಯದ ಕೆಲಸಗಳಿಂದ ದೂರವಿಟ್ಟಿತು. ಆದರೆ ಅದೇ ಕಾನೂನು, ಶಾಲೆಯ ವೇಳೆಯ ಹೊರಗೆ ಮನೆಯ ಕಸಬಿನಲ್ಲಿ ಮಕ್ಕಳು ನೆರವಾಗಬಹುದೆಂದು ಒಂದು ಸಂದು ಬಿಟ್ಟಿದೆ. ಅದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಮನೆಯ ರಾಟಿ. 2022ರಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೂ ಬೆಳಗಿನ ಜಾವ ಹದಿನೇಳರ ಹುಡುಗರು ರಸ್ತೆಯ ಮೇಲೆ ಓಡುತ್ತಾರೆ. ಅವರಲ್ಲಿ ಎಷ್ಟೋ ಮಂದಿ ನನ್ನ ವಿದ್ಯಾರ್ಥಿಗಳ ಮೊಮ್ಮಕ್ಕಳು.

ಹೋದ ವರ್ಷ ಅಕ್ಕನನ್ನು ನೋಡಲು ಹೋಗಿದ್ದೆ. ಅವಳಿಗೆ ಎಂಬತ್ತು ದಾಟಿದೆ. ಕಣ್ಣು ಮಂಜಾಗಿವೆ, ನೆನಪು ಸ್ವಚ್ಛವಾಗಿದೆ. ಮಾತಿಗೆ ಮಾತು ಬಂದು, ಜೀವನದಲ್ಲಿ ಮೊದಲ ಬಾರಿಗೆ ಅವಳನ್ನು ಕೇಳಿದೆ: “ಅಕ್ಕಾ, ಮುಲ್ಕಿ ಪಾಸಾದಾಗ ನಿನಗ ಏನಾಗಬೇಕಂತ ಇತ್ತು?”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಅಕ್ಕೋರ ಆಗಬೇಕಂತಿತ್ತು. ದಿನಾ ಕಂಡಿಕಿ ಸುತ್ತೂಮುಂದ ಎದುರಿಗೆ ಹುಡುಗ್ರು ಕೂತಾರ ಅಂತ ತಿಳಕೊಂಡು ಮನಸಿನ್ಯಾಗ ಮಗ್ಗಿ ಹೇಳಸ್ತಿದ್ದೆ” ಎಂದಳು. ಆಮೇಲೆ ನನ್ನ ಮುಖ ನೋಡಿ, “ಯಾಕ ಸಣ್ಣ ಮಾರಿ ಮಾಡ್ತಿ ತಮ್ಮಾ? ನನ್ನ ಮಗಳಿಗೆ ನಾ ಕೇಳೇನಿ. ಆಕಿ ನರ್ಸ ಆಗ್ತೀನಿ ಅಂದ್ಲು, ಆದ್ಲು” ಎಂದಳು.

ಅಂದು ಎದ್ದು ನಿಂತು ಪ್ರಶ್ನೆ ಕೇಳಿದ ಹುಡುಗ ಈಗ ಎಲ್ಲಿರುವನೋ, ಯಾವ ಕೆಲಸದಲ್ಲಿರುವನೋ ನನಗೆ ತಿಳಿಯದು. ಅವನ ಕಣ್ಣಿಗೆ ಈ ಬರಹ ಬಿದ್ದರೆ ನನ್ನ ತಿದ್ದಿದ ಉತ್ತರ ಇದು: ಮಾಸ್ತರನಾಗಬೇಕೆಂದು ಬಯಸಿದವನು ನಾನು, ಹೌದು. ಆದರೆ ಆ ಬಯಕೆಯ ಬೆಲೆಯನ್ನು ನಾನು ಕೊಡಲಿಲ್ಲ. ಮುಲ್ಕಿಯಲ್ಲಿ ನನಗಿಂತ ಹೆಚ್ಚು ಗುಣ ಪಡೆದ ಒಬ್ಬ ಹುಡುಗಿ ಮತ್ತು ಐದನೆಯ ಇಯತ್ತೆಯನ್ನು ಮುಗಿಸದ ಒಬ್ಬ ಹುಡುಗ ಕೊಟ್ಟರು. ನಿಮ್ಮ ಮನೆಯಲ್ಲಿ ಒಬ್ಬ ಮಗ ಅಥವಾ ಮಗಳು ಈ ವರ್ಷ ಮುಂದಿನ ದಾರಿಯನ್ನು ಆರಿಸುತ್ತಿದ್ದರೆ, ದಯವಿಟ್ಟು ಪಕ್ಕದಲ್ಲಿ ಸುಮ್ಮನೆ ಕೂತಿರುವ ಇನ್ನೊಂದು ಮಗುವನ್ನೂ ಕೇಳಿರಿ.